ಎರಡು ಕಡಲುಗಳ ಎರಡು ಕಿರುಹಕ್ಕಿಗಳು

ಉತ್ತರ ಅಟ್ಲಾಂಟಿಕ್ ಸಾಗರದ ತುತ್ತತುದಿಯಲ್ಲಿ, ಹಿಮಗಡ್ಡೆಗಳ ನೆರೆಯಲ್ಲಿ ಬಾಳುವ ಒಂದು ಪುಟ್ಟ ಹಕ್ಕಿಯುಂಟು. ಏಷ್ಯ ಮತ್ತು ಅಮೆರಿಕ ಖಂಡಗಳ ನಡುವಿನ ಬೆರಿಂಗ್ ಸಮುದ್ರದಲ್ಲಿ ಅದಕ್ಕಿಂತಲೂ ಪುಟ್ಟದಾದ ಇನ್ನೊಂದು ಹಕ್ಕಿಯುಂಟು. ಇವೆರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ, ಪಕ್ಷಿಶಾಸ್ತ್ರವನ್ನರಿಯದ ಒಬ್ಬರಿಗೆ ತೋರಿಸಿದೆವೆನ್ನೋಣ. ಅವರು ಸ್ವಲ್ಪವೂ ಅನುಮಾನಿಸದೆ, "ಇವು ಅಕ್ಕತಂಗಿಯರೇ ಸರಿ, ಒಂದು ದೊಡ್ಡದು, ಒಂದು ಚಿಕ್ಕದು" ಎನ್ನುವರು. ಮೋಟು ಕೊಕ್ಕು, ಕುತ್ತಿಗೆಯೇ ಇಲ್ಲವೆನಿಸುವ ದುಂಡು ಮೈ, ಚಿಕ್ಕ ರೆಕ್ಕೆ, ಕಪ್ಪು ಬೆನ್ನು, ತಿಳಿಬಣ್ಣದ ಹೊಟ್ಟೆ, ಹೀಗೆ ಎಲ್ಲದರಲ್ಲಿಯೂ ಹೋಲಿಕೆ. ತಿನ್ನುವ ಆಹಾರ ಒಂದೇ ಬಗೆಯದು. ಅದನ್ನು ಮರಿಗೆ ಹೊತ್ತು ತರುವ ರೀತಿಯೂ ಒಂದೇ. ಆದರೂ ಇವು ಅಕ್ಕತಂಗಿಯರಲ್ಲ. ಹಾಗಿದ್ದರೆ ಈ ಹೋಲಿಕೆ ಎಲ್ಲಿಂದ ಬಂದಿತು? ಇದಕ್ಕೆ ಉತ್ತರ ಪಡೆಯಬೇಕಾದರೆ ಪ್ರಾಣಿಶಾಸ್ತ್ರದೊಡನೆ ನಮ್ಮ ಭೌತಶಾಸ್ತ್ರದ ಪಾಠವನ್ನೂ ಕೊಂಚ ನೆನಪಿಗೆ ತಂದುಕೊಳ್ಳಬೇಕಾಗುತ್ತದೆ.

ಆಕ್ ಹಕ್ಕಿಗಳ ಕುಟುಂಬ

ಈ ಎರಡೂ ಹಕ್ಕಿಗಳು 'ಆಕ್' ಎಂಬ ಕುಟುಂಬಕ್ಕೆ ಸೇರಿದವು. ಭೂಮಿಯ ಉತ್ತರಾರ್ಧಗೋಳದ ತಂಪು ಕಡಲುಗಳಲ್ಲಿ ಮಾತ್ರ ಕಂಡುಬರುವ ಈ ಕುಟುಂಬದಲ್ಲಿ ಇಂದು ಸುಮಾರು ೨೫ ಜಾತಿಗಳಿವೆ. ಚಿತ್ರಗಳಲ್ಲಿ ಇವನ್ನು ನೋಡಿದವರಿಗೆ ದಕ್ಷಿಣಾರ್ಧಗೋಳದ ಪೆಂಗ್ವಿನ್ ನೆನಪಾಗುವುದು ಸಹಜ. ಇವೂ ಪೆಂಗ್ವಿನ್‌ಗಳಂತೆ ನೆಟ್ಟಗೆ ನಿಲ್ಲುತ್ತವೆ. ರೆಕ್ಕೆಗಳನ್ನೇ ಹುಟ್ಟುಗಳನ್ನಾಗಿ ಮಾಡಿಕೊಂಡು ನೀರಿನೊಳಗೆ ಈಜುತ್ತವೆ. ಆದರೆ ಪೆಂಗ್ವಿನ್ ಹಾರಲಾರದು. ಇಂದು ಬದುಕಿರುವ ಆಕ್‌ಗಳೆಲ್ಲವೂ ಹಾರಬಲ್ಲವು. ಹಾರಲಾರದ ಒಂದು ಆಕ್ ಹಿಂದೆ ಇತ್ತು. ಸುಮಾರು ೫ ಕಿಲೋಗ್ರಾಂ ತೂಗುತ್ತಿದ್ದ ಆ 'ಗ್ರೇಟ್ ಆಕ್' ಮನುಷ್ಯನ ಬೇಟೆಗೆ ಸಿಕ್ಕಿ ಅಳಿದುಹೋಯಿತು. ಅದರ ಕೊನೆಯ ಜೋಡಿಯೆಂದು ಹೇಳಲಾಗುವ ಹಕ್ಕಿಗಳನ್ನು ೧೮೪೪ರಲ್ಲಿ ಐಸ್‌ಲೆಂಡಿನ ಬಳಿಯ ಎಲ್‌ಡೇ ಎಂಬ ನಡುಗಡ್ಡೆಯಲ್ಲಿ ಕೊಂದರು.

ನಾವು ಹೋಲಿಸಹೊರಟ ಹಕ್ಕಿಗಳು ಇದೇ ಕುಟುಂಬದ ಕುಳ್ಳರು. ಅಟ್ಲಾಂಟಿಕ್ ಕಡೆಯದರ ಹೆಸರು 'ಲಿಟಲ್ ಆಕ್'. ೧೭೫೮ರಲ್ಲಿ ಲಿನೇಯಸ್ ಇದನ್ನು ತನ್ನ ಪಟ್ಟಿಯಲ್ಲಿ ಸೇರಿಸಿದ; ಇದರ ಇಂದಿನ ಶಾಸ್ತ್ರೀಯ ನಾಮ 'ಆಲೆ ಆಲೆ'. ಬೆರಿಂಗ್ ಕಡೆಯದು 'ಲೀಸ್ಟ್ ಆಕ್ಲೆಟ್'. ೧೮೧೧ರಲ್ಲಿ ಪಲ್ಲಾಸ್ ಎಂಬ ಪ್ರಕೃತಿವಿಜ್ಞಾನಿ ಇದಕ್ಕೆ ಕೊಟ್ಟ 'ಪುಸಿಲ' ಎಂಬ ಲ್ಯಾಟಿನ್ ಹೆಸರಿಗೆ ಬಹು ಚಿಕ್ಕದು ಎಂದು ಅರ್ಥ. ಅನುಕೂಲಕ್ಕಾಗಿ ನಾವು ಮೊದಲನೆಯದನ್ನು ಚಿಕ್ಕ ಆಕ್ ಎಂದೂ ಎರಡನೆಯದನ್ನು ಪುಟ್ಟ ಆಕ್ಲೆಟ್ ಎಂದೂ ಕರೆಯೋಣ.

ಚಿಕ್ಕ ಆಕ್ ಗ್ರೀನ್‌ಲೆಂಡ್, ಸ್ವಾಲ್‌ಬಾರ್ಡ್, ಫ್ರಾನ್ಸ್ ಜೋಸೆಫ್ ಲೆಂಡ್ ಮುಂತಾದ ಉತ್ತರಧ್ರುವ ಪ್ರದೇಶದ ಭೂಭಾಗಗಳಲ್ಲಿ ಮೊಟ್ಟೆಯಿಡುತ್ತದೆ. ವಾಯವ್ಯ ಗ್ರೀನ್‌ಲೆಂಡಿನ ಕಲ್ಲುಇಳಿಜಾರುಗಳಲ್ಲಿ ಕೋಟಿಗಟ್ಟಲೆ ಚಿಕ್ಕ ಆಕ್‌ಗಳು ಬೇಸಗೆಯಲ್ಲಿ ನೆರೆಯುತ್ತವೆ. ಪುಟ್ಟ ಆಕ್ಲೆಟ್ಟಿನ ನೆಲೆ ಅಲ್ಯೂಷಿಯನ್ ದ್ವೀಪಮಾಲೆ, ಪ್ರಿಬಿಲಾಫ್ ದ್ವೀಪಗಳು, ಸೇಂಟ್ ಲಾರೆನ್ಸ್ ಮತ್ತು ಡಯೊಮೀಡ್ ದ್ವೀಪಗಳು, ಓಖೋಟ್‌ಸ್ಕ್ ಸಮುದ್ರದ ನಡುಗಡ್ಡೆಗಳು. ಬೆರಿಂಗ್ ಸಮುದ್ರದ ಒಂದೆರಡು ದ್ವೀಪಗಳಲ್ಲಿ ಚಿಕ್ಕ ಆಕ್‌ಗಳೂ ಬೆರಳೆಣಿಕೆಯಷ್ಟು ಕಂಡುಬಂದಿವೆ. ಅದೊಂದು ಕಡೆಯನ್ನು ಬಿಟ್ಟರೆ ಈ ಎರಡು ಜಾತಿಗಳು ಒಂದನ್ನೊಂದು ಕಾಣುವುದೇ ಇಲ್ಲ.

ಹತ್ತಿರದಿಂದ ನೋಡಿದರೆ ಕೆಲವು ವ್ಯತ್ಯಾಸಗಳು ಕಣ್ಣಿಗೆ ಬೀಳುತ್ತವೆ. ಚಿಕ್ಕ ಆಕ್‌ನ ಕಪ್ಪು ಬಿಳುಪುಗಳು ಗೆರೆ ಕೊಯ್ದಂತೆ ಬೇರೆಬೇರೆಯಾಗಿರುತ್ತವೆ. ಕಣ್ಣು ಕಪ್ಪು, ಅದರ ಮೇಲೊಂದು ಸಣ್ಣ ಬಿಳಿಯ ಚುಕ್ಕೆ. ಕೊಕ್ಕಿಗೆ ಯಾವ ಅಲಂಕಾರವೂ ಇಲ್ಲ. ಪುಟ್ಟ ಆಕ್ಲೆಟ್ಟಿನ ಕಣ್ಣಾಲಿ ಬಿಳಿ. ಮೊಟ್ಟೆಯಿಡುವ ಕಾಲದಲ್ಲಿ ಕೊಕ್ಕಿನ ತುದಿ ಕೆಂಪಾಗಿ, ಅದರ ಮೇಲೆ ಒಂದು ಚಿಕ್ಕ ಗುಬುಟು ಮೂಡುತ್ತದೆ. ಕಣ್ಣಿನ ಹಿಂದೆ ಬಿಳಿಯ ಎಳೆಗರಿಗಳು ಹೊರಡುತ್ತವೆ. ಅದರ ಹೊಟ್ಟೆ ಒಂದೊಂದು ಹಕ್ಕಿಯಲ್ಲಿ ಒಂದೊಂದು ತೆರ: ಕೆಲವಕ್ಕೆ ಅಚ್ಚ ಬಿಳುಪು, ಕೆಲವಕ್ಕೆ ಚುಕ್ಕೆ, ಕೆಲವಕ್ಕೆ ದಟ್ಟ ಬೂದಿಬಣ್ಣ.

ಚಿಕ್ಕದಾಗಿರುವುದರ ಬೆಲೆ

ಈಗ ಅಳತೆಗೆ ಬರೋಣ. ಚಿಕ್ಕ ಆಕ್‌ನ ಉದ್ದ ಸುಮಾರು ೧೯ರಿಂದ ೨೦ ಸೆಂಟಿಮೀಟರ್, ತೂಕ ಸುಮಾರು ೧೬೦ ಗ್ರಾಂ. ಪುಟ್ಟ ಆಕ್ಲೆಟ್ಟಿನ ಉದ್ದ ಸುಮಾರು ೧೫ ಸೆಂಟಿಮೀಟರ್, ತೂಕ ಸುಮಾರು ೮೫ ಗ್ರಾಂ. ನಮ್ಮ ಮನೆಗಳ ಗುಬ್ಬಚ್ಚಿಯ ಉದ್ದವೂ ಹೆಚ್ಚುಕಡಮೆ ೧೫ ಸೆಂಟಿಮೀಟರೇ. ಆದರೆ ಗುಬ್ಬಚ್ಚಿಯ ತೂಕ ಮೂವತ್ತು ಗ್ರಾಮನ್ನು ಮುಟ್ಟುವುದೇ ಕಷ್ಟ. ಇಷ್ಟರಿಂದಲೇ ಈ ಕಡಲಹಕ್ಕಿ ಎಷ್ಟು ದುಂಡಗೆ ತುಂಬಿಕೊಂಡ ದೇಹದ್ದೆಂಬುದು ವೇದ್ಯವಾಗುತ್ತದೆ.

ಎರಡು ಹಕ್ಕಿಗಳ ತೂಕಗಳ ಪ್ರಮಾಣ ೧೬೦ಕ್ಕೆ ೮೫, ಎಂದರೆ ಸುಮಾರು ೧.೮೮. ಒಂದೇ ಆಕಾರದ ಎರಡು ವಸ್ತುಗಳಲ್ಲಿ ತೂಕವು ಉದ್ದದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ೧.೮೮ರ ಘನಮೂಲ ೧.೨೩. ಪುಟ್ಟ ಆಕ್ಲೆಟ್ಟಿನ ೧೫ ಸೆಂಟಿಮೀಟರನ್ನು ೧.೨೩ರಿಂದ ಗುಣಿಸಿದರೆ ಸುಮಾರು ೧೮.೫ ಬರುತ್ತದೆ. ಚಿಕ್ಕ ಆಕ್‌ನ ನಿಜವಾದ ಉದ್ದಕ್ಕೆ ಇದು ಬಹು ಸಮೀಪ. ಆದುದರಿಂದ ಒಂದು ಹಕ್ಕಿಯನ್ನು ಇನ್ನೊಂದರ ಹಿಗ್ಗಿಸಿದ ಪ್ರತಿಯೆಂದು ಎಣಿಸಿದರೆ ದೊಡ್ಡ ತಪ್ಪಾಗದು.

ಹೊರಮೈಯ ವಿಸ್ತಾರವಾದರೋ ಉದ್ದದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಇದರಿಂದ ಏನಾಗುವುದೆಂದು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಲೋಹದ, ಒಂದೇ ಆಕಾರದ ದೊಡ್ಡ ಚೊಂಬೊಂದನ್ನೂ ಚಿಕ್ಕ ಚೊಂಬೊಂದನ್ನೂ ತೆಗೆದುಕೊಂಡು, ಎರಡರಲ್ಲಿಯೂ ಒಂದೇ ಪಾತ್ರೆಯ ಬಿಸಿನೀರನ್ನು ತುಂಬಿರಿ. ಐದೈದು ನಿಮಿಷಕ್ಕೊಮ್ಮೆ ಉಷ್ಣಮಾಪಕವನ್ನು ಅದ್ದಿ ನೋಡಿರಿ. ಚಿಕ್ಕ ಚೊಂಬಿನ ನೀರು ಬೇಗ ಆರುವುದನ್ನು ಕಾಣುವಿರಿ. ಶಾಖವು ಇರುವುದು ನೀರಿನ ರಾಶಿಯಲ್ಲಿ. ಸೋರಿಹೋಗುವುದು ಹೊರಮೈಯ ಮೂಲಕ. ಚಿಕ್ಕ ಚೊಂಬಿನಲ್ಲಿ ಒಂದೊಂದು ಗ್ರಾಂ ನೀರಿಗೂ ಹೆಚ್ಚು ಹೊರಮೈ ಇದೆ.

ನಮ್ಮ ಹಕ್ಕಿಗಳ ಪಾಡೂ ಇದೇ. ಅವುಗಳ ಮೈಯೊಳಗಿನ ಉಷ್ಣತೆ ಸುಮಾರು ೪೦ ಡಿಗ್ರಿ ಸೆಲ್ಸಿಯಸ್. ಅವು ತೇಲುವ ನೀರಿನದು ಹಲವು ವೇಳೆ ಸೊನ್ನೆಗಿಂತ ನಾಲ್ಕಾರು ಡಿಗ್ರಿ ಮಾತ್ರ ಮೇಲೆ. ನೀರು ಗಾಳಿಗಿಂತ ಸುಮಾರು ಇಪ್ಪತ್ತನಾಲ್ಕು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಗರಿಗಳ ನಡುವೆ ಸೆರೆಸಿಕ್ಕ ಗಾಳಿಯೇ ಹಕ್ಕಿಗೆ ಕಂಬಳಿ. ಆದರೆ ಮುಳುಗಿದಾಗ ಆ ಕಂಬಳಿಯೂ ತೆಳುವಾಗುತ್ತದೆ. ಹತ್ತು ಮೀಟರು ಆಳಕ್ಕೆ ಹೋದರೆ ಒತ್ತಡ ಎರಡರಷ್ಟಾಗಿ, ಬಾಯ್ಲನ ನಿಯಮದಂತೆ ಗಾಳಿಯ ಘನಫಲ ಅರ್ಧವಾಗುವುದಷ್ಟೆ!

ಹೊರಮೈಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಪುಟ್ಟ ಆಕ್ಲೆಟ್ಟು ಗ್ರಾಮಿಗೆ ನೂರಕ್ಕೆ ೨೩ರಷ್ಟು ಹೆಚ್ಚು ಶಾಖವನ್ನು ಕಳೆದುಕೊಳ್ಳಬೇಕು. ಜೀವಂತ ಪ್ರಾಣಿಗಳಲ್ಲಿ ಲೆಕ್ಕ ಇಷ್ಟು ಸರಳವಲ್ಲ. ೧೯೩೨ರಲ್ಲಿ ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿಯು, ವಿಶ್ರಾಂತಿಯಲ್ಲಿರುವ ಪ್ರಾಣಿಯ ಶಕ್ತಿವ್ಯಯವು ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿರುವುದೆಂದು ತೋರಿಸಿದನು. ಆ ನಿಯಮದಂತೆ ಲೆಕ್ಕ ಹಾಕಿದರೆ ಗ್ರಾಮಿಗೆ ಸುಮಾರು ನೂರಕ್ಕೆ ೧೭ರಷ್ಟು ಹೆಚ್ಚು ಬರುತ್ತದೆ. ಯಾವ ಲೆಕ್ಕವನ್ನು ಹಿಡಿದರೂ ಚಿಕ್ಕ ದೇಹಕ್ಕೆ ತೆರಿಗೆ ಹೆಚ್ಚು.

ಚಿಕ್ಕದಾಗಿರುವುದರ ಲಾಭ

ಹಾಗಾದರೆ ಶೀತಸಮುದ್ರದಲ್ಲಿ ಇಷ್ಟು ಚಿಕ್ಕದಾಗಿರುವುದರಿಂದ ಪ್ರಯೋಜನವೇನು? ಈ ಪ್ರಶ್ನೆಗೂ ಅದೇ ವರ್ಗ ಮತ್ತು ಘನಗಳ ನಿಯಮವೇ ಉತ್ತರ ಹೇಳುತ್ತದೆ.

ಹಾರುವ ಹಕ್ಕಿಯ ತೂಕವನ್ನು ಹೊರುವುದು ರೆಕ್ಕೆಯ ವಿಸ್ತಾರ. ತೂಕ ಘನದಂತೆಯೂ ವಿಸ್ತಾರ ವರ್ಗದಂತೆಯೂ ಬೆಳೆಯುವುದರಿಂದ, ಹಕ್ಕಿ ದೊಡ್ಡದಾದಷ್ಟೂ ರೆಕ್ಕೆಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಹೊರೆ ಏರುತ್ತದೆ. ಬೇರೆ ಹಕ್ಕಿಗಳು ರೆಕ್ಕೆಯನ್ನು ಅಗಲಮಾಡಿಕೊಂಡು ಈ ತೊಂದರೆಯಿಂದ ಪಾರಾಗಬಹುದು. ಆಕ್‌ಗೆ ಆ ಸ್ವಾತಂತ್ರ್ಯವಿಲ್ಲ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು ೮೦೦ ಪಟ್ಟು. ಅಗಲವಾದ ರೆಕ್ಕೆಯನ್ನು ಅಂತಹ ನೀರಿನಲ್ಲಿ ಬೀಸುವುದೆಂದರೆ ಬಿಚ್ಚಿದ ಕೊಡೆಯನ್ನು ಕೆರೆಯೊಳಗೆ ಎಳೆದಾಡಿದಂತೆ. ಆದುದರಿಂದ ಆಕ್‌ನ ರೆಕ್ಕೆ ಎರಡು ಯಜಮಾನರಿಗೆ ದುಡಿಯುವ ಆಳಿನಂತಿದೆ. ಗಾಳಿಗೆ ತೀರ ಚಿಕ್ಕದು. ನೀರಿಗೆ ಕೊಂಚ ದೊಡ್ಡದು. ನೀರೊಳಗೆ ಹಕ್ಕಿ ಅದನ್ನು ಅರ್ಧ ಮಡಿಸಿಕೊಂಡು ಈಜುತ್ತದೆ. ಗಾಳಿಯಲ್ಲಿ ಬಿಡುವಿಲ್ಲದೆ ಪಟಪಟನೆ ಬಡಿಯುತ್ತ ಹಾರುತ್ತದೆ.

ಈ ಒಪ್ಪಂದವು ಒಂದು ಮಿತಿಯವರೆಗೆ ಮಾತ್ರ ನಡೆಯುತ್ತದೆ. ಇಂದಿನ ಅತಿ ದೊಡ್ಡ ಆಕ್‌ಗಳಾದ ಗಿಲ್ಲಿಮಾಟ್ ಹಕ್ಕಿಗಳು ಸುಮಾರು ಒಂದು ಕಿಲೋಗ್ರಾಂ ತೂಗುತ್ತವೆ. ಅವು ಬಹಳ ಪ್ರಯಾಸದಿಂದ ಹಾರುತ್ತವೆ. ೫ ಕಿಲೋಗ್ರಾಮಿನ ಗ್ರೇಟ್ ಆಕ್ ಹಾರುವುದನ್ನೇ ಬಿಟ್ಟುಕೊಟ್ಟಿತ್ತು. ನಮ್ಮ ಕುಳ್ಳರಿಗೆ ಹೊರೆ ಕಡಮೆ. ಗೂಡಿನಿಂದ ಬಹುದೂರದ ಕಡಲಿಗೆ ಹಾರಿಹೋಗಿ, ಮುಳುಗಿ, ಮೇಯ್ದು, ಮರಿಯ ಪಾಲನ್ನು ಹೊತ್ತು ಹಿಂದಿರುಗುವುದು ಅವಕ್ಕೆ ಸಾಧ್ಯವಾಗಿದೆ. ಶಾಖದಲ್ಲಿ ನಷ್ಟವನ್ನು ತಂದ ಗಣಿತವೇ ಹಾರಾಟದಲ್ಲಿ ಲಾಭವನ್ನು ತಂದಿದೆ.

ದಿನಕ್ಕೆ ಅರವತ್ತು ಸಾವಿರ ತುತ್ತು

ಎರಡು ಹಕ್ಕಿಗಳಿಗೂ ಮುಖ್ಯ ಆಹಾರ ಕೋಪಿಪಾಡ್ ಎಂಬ ಸಣ್ಣ ಪ್ಲವಕಜೀವಿ. ಸಿಗಡಿಯ ದೂರದ ಬಳಗದ ಈ ಜೀವಿಗಳು ಕೆಲವೇ ಮಿಲಿಮೀಟರು ಉದ್ದ. ಬೇಸಗೆಯಲ್ಲಿ ಇವು ಮೇಲ್ನೀರಿನಲ್ಲಿ ಸೂಕ್ಷ್ಮಸಸ್ಯಗಳನ್ನು ಮೇಯ್ದು, ಮೈಯೊಳಗೆ ಎಣ್ಣೆಯನ್ನು ಕೂಡಿಡುತ್ತವೆ. ಹಕ್ಕಿಗೆ ಬೇಕಾದುದು ಆ ಎಣ್ಣೆ. ಚಿಕ್ಕ ಆಕ್‌ಗೆ ಇದನ್ನು ಒದಗಿಸುವುದು ಕ್ಯಾಲನಸ್ ಎಂಬ ಕುಲ. ಪುಟ್ಟ ಆಕ್ಲೆಟ್ಟಿಗೆ ಅದರ ನೆಂಟನಾದ ನಿಯೋಕ್ಯಾಲನಸ್.

ಮರಿಯನ್ನು ಸಾಕುವ ದಿನಗಳಲ್ಲಿ ಒಂದು ಚಿಕ್ಕ ಆಕ್ ದಿನಕ್ಕೆ ೬೦೦ ಕಿಲೋಜೂಲಿಗಿಂತ ಕಡಮೆಯಿಲ್ಲದಷ್ಟು ಶಕ್ತಿಯನ್ನು ವ್ಯಯಿಸುತ್ತದೆಂದು ಅಳೆದಿದ್ದಾರೆ. ತೂಕಕ್ಕೆ ತೂಕ ಹೋಲಿಸಿದರೆ ಇದು ದಿನಕ್ಕೆ ೧೦,೦೦೦ ಕಿಲೋಜೂಲ್ ಉಣ್ಣುವ ೬೫ ಕಿಲೋಗ್ರಾಮಿನ ಮನುಷ್ಯನ ಖರ್ಚಿನ ಸುಮಾರು ೨೪ ಪಟ್ಟು! ಇದನ್ನು ತುಂಬಿಕೊಳ್ಳಲು ಹಕ್ಕಿಗೆ ದಿನಕ್ಕೆ ಸುಮಾರು ೬೦,೦೦೦ ಕೋಪಿಪಾಡ್‌ಗಳು ಬೇಕೆಂದು ಅಂದಾಜು. ಎಂದರೆ ನೀರಿನೊಳಗಿರುವಾಗ ಒಂದೊಂದು ಸೆಕೆಂಡಿಗೆ ಸುಮಾರು ಆರು.

ಇಷ್ಟು ವೇಗವಾಗಿ ಒಂದೊಂದನ್ನೇ ಹಿಡಿಯುವುದು ಹೇಗೆ? ತಿಮಿಂಗಿಲದಂತೆ ಬಾಯಿ ತೆರೆದುಕೊಂಡು ನೀರನ್ನು ಸೋಸುತ್ತಿರಬಹುದೆಂದು ಕೆಲವರು ಊಹಿಸಿದ್ದರು. ೨೦೧೮ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಕ್ಕಿಗಳನ್ನು ಕೊಳದಲ್ಲಿ ಬಿಟ್ಟು, ಅವು ಮೇಯುವುದನ್ನು ಚಿತ್ರೀಕರಿಸಿದಾಗ ಬೇರೆಯೇ ಸಂಗತಿ ಹೊರಬಿದ್ದಿತು. ಹಕ್ಕಿ ಕಣ್ಣಿನಿಂದ ಕೋಪಿಪಾಡನ್ನು ಗುರುತಿಸಿ, ನಾಲಗೆಯ ಕೆಳಗಿನ ಚೀಲವನ್ನು ಹಿಗ್ಗಿಸಿ, ನೀರಿನೊಡನೆ ಅದನ್ನು ಬಾಯೊಳಕ್ಕೆ ಹೀರಿಕೊಳ್ಳುತ್ತಿತ್ತು. ನಮ್ಮ ಪ್ರಯೋಗಶಾಲೆಯಲ್ಲಿ ಪಿಪೆಟ್ಟಿನ ರಬ್ಬರ್ ಗುಂಡು ಹಿಗ್ಗಿದಾಗ ದ್ರವ ಮೇಲೇರುವುದೂ ಇದೇ ತತ್ತ್ವದಿಂದ. ಅದೇ ಚೀಲದಲ್ಲಿ ಮರಿಗೆ ಬುತ್ತಿಯೂ ಹೋಗುತ್ತದೆ. ಪುಟ್ಟ ಆಕ್ಲೆಟ್ಟಿಗೂ ಅಂತಹ ಚೀಲವುಂಟು.

ಲೆಕ್ಕ ಒಂದೇ, ದಾರಿ ಬೇರೆ

ಎರಡು ಹಕ್ಕಿಗಳೂ ಕಲ್ಲುಬಂಡೆಗಳ ಸಂದಿಯಲ್ಲಿ ಒಂದೇ ಒಂದು ಮೊಟ್ಟೆಯಿಡುತ್ತವೆ. ಅದರ ತೂಕ ತಾಯಿಯ ತೂಕದ ಐದನೆಯ ಒಂದು ಭಾಗದಷ್ಟು. ತಾಯ್ತಂದೆಯರಿಬ್ಬರೂ ಸರದಿಯಂತೆ ಸುಮಾರು ಒಂದು ತಿಂಗಳು ಕಾವು ಕೊಡುತ್ತಾರೆ. ಸುಮಾರು ನಾಲ್ಕು ವಾರ ಮರಿಗೆ ಉಣಿಸುತ್ತಾರೆ.

ಇಲ್ಲಿಯವರೆಗೆ ಹೋಲಿಕೆಯೇ ಸರಿ. ಆದರೆ ಮರಿ ಗೂಡು ಬಿಡುವ ದಿನ ಬಂದಾಗ ವ್ಯತ್ಯಾಸ ಕಾಣುತ್ತದೆ. ಚಿಕ್ಕ ಆಕ್‌ಗಳಲ್ಲಿ ತಾಯಿ ಮೊದಲೇ ಹೊರಟುಹೋಗುವುದುಂಟು. ಕೊನೆಯ ದಿನಗಳಲ್ಲಿ ಮರಿಯ ಭಾರವೆಲ್ಲ ತಂದೆಯದು. ಮರಿ ತಂದೆಯೊಡನೆ ಕಡಲಿಗೆ ಹಾರುವುದನ್ನು ವೀಕ್ಷಕರು ಕಂಡಿದ್ದಾರೆ. ಪುಟ್ಟ ಆಕ್ಲೆಟ್ಟಿನ ಮರಿಯಾದರೋ ಒಂಟಿಯಾಗಿ ಹೊರಡುತ್ತದೆ. ಅಂದಿನಿಂದ ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳುತ್ತದೆ.

ಈ ಭೇದ ಆಕಸ್ಮಿಕವಲ್ಲ. ಗಿಲ್ಲಿಮಾಟ್ ಮತ್ತು ರೇಜರ್‌ಬಿಲ್ ಎಂಬ ದೊಡ್ಡ ಆಕ್‌ಗಳಲ್ಲಿಯೂ ಮರಿಯನ್ನು ಕಡಲಿಗೆ ಕರೆದೊಯ್ಯುವವನು ತಂದೆ. ಪಫಿನ್ ಎಂಬ ಬಣ್ಣದ ಕೊಕ್ಕಿನ ಆಕ್‌ನ ಮರಿ ಒಂಟಿಯಾಗಿಯೇ ಗೂಡು ಬಿಡುತ್ತದೆ. ಈ ಹಕ್ಕಿಗಳ ಡಿ.ಎನ್.ಎ.ಯನ್ನು ಹೋಲಿಸಿ ನೋಡಿದ ವಿಜ್ಞಾನಿಗಳೂ ಇದೇ ತೀರ್ಮಾನಕ್ಕೆ ಬಂದಿದ್ದಾರೆ. ಚಿಕ್ಕ ಆಕ್ ಸೇರಿದುದು ಗಿಲ್ಲಿಮಾಟ್, ರೇಜರ್‌ಬಿಲ್ ಮತ್ತು ಅಳಿದ ಗ್ರೇಟ್ ಆಕ್‌ಗಳ ಶಾಖೆಗೆ. ಪುಟ್ಟ ಆಕ್ಲೆಟ್ಟು ಸೇರಿದುದು ಪಫಿನ್‌ಗಳ ಕಡೆಯ ಶಾಖೆಗೆ. ಅಕ್ಕತಂಗಿಯರೆಂದುಕೊಂಡವು ದೂರದ ದಾಯಾದಿಗಳಾದವು!

ಪರೀಕ್ಷೆಯಲ್ಲಿ ಒಂದೇ ಲೆಕ್ಕವನ್ನು ಎರಡು ಊರಿನ ಇಬ್ಬರು ವಿದ್ಯಾರ್ಥಿಗಳಿಗೆ ಕೊಟ್ಟರೆ ಇಬ್ಬರಿಗೂ ಒಂದೇ ಉತ್ತರ ಬರಬಹುದು. ಒಬ್ಬನು ಇನ್ನೊಬ್ಬನನ್ನು ನೋಡಿ ಬರೆದನೆಂದು ನಾವು ಹೇಳುವುದಿಲ್ಲ; ಲೆಕ್ಕ ಒಂದೇ ಆದುದರಿಂದ ಉತ್ತರವೂ ಒಂದೇ ಆಯಿತು. ಅವರು ಕಲಿತ ಶಾಲೆಗಳು ಬೇರೆಯೆಂಬುದು ಉತ್ತರದಲ್ಲಿ ಕಾಣದು; ಪಕ್ಕದಲ್ಲಿ ಗೀಚಿದ ಕಚ್ಚಾ ಬರಹದಲ್ಲಿ ಕಾಣುತ್ತದೆ. ಮರಿಯನ್ನು ಕಳುಹಿಸುವ ಕ್ರಮ ಇಂತಹ ಕಚ್ಚಾ ಬರಹ. ತಣ್ಣನೆಯ ಕಡಲು, ಎಣ್ಣೆ ತುಂಬಿದ ಸಣ್ಣ ಜೀವಿ, ಗಾಳಿ ಮತ್ತು ನೀರು ಎರಡರಲ್ಲೂ ದುಡಿಯಬೇಕಾದ ರೆಕ್ಕೆ: ಎರಡು ಸಾಗರಗಳು ಒಡ್ಡಿದ ಲೆಕ್ಕ ಇದೊಂದೇ. ದುಂಡು ಮೈ, ಮೋಟು ಕೊಕ್ಕು, ಗಂಟಲ ಚೀಲ ಅದರ ಉತ್ತರ.

ಕಡಲು ಬದಲಾದರೆ

ಇಷ್ಟು ಕರಾರುವಾಕ್ಕಾದ ಉತ್ತರಕ್ಕೆ ಒಂದು ಅಪಾಯವುಂಟು. ಲೆಕ್ಕದ ಅಂಕಿಗಳು ಬದಲಾದರೆ ಉತ್ತರ ತಪ್ಪಾಗುತ್ತದೆ.

ಕಡಲು ಬಿಸಿಯಾದಂತೆ ಅಟ್ಲಾಂಟಿಕ್ ಕಡೆಯ ಚಿಕ್ಕ ಜಾತಿಯ ಕ್ಯಾಲನಸ್ ಉತ್ತರಕ್ಕೆ ಹಬ್ಬುತ್ತಿದೆ. ಶೀತಲ ನೀರಿನ ದೊಡ್ಡ ಜಾತಿಗಿಂತ ಇದರಲ್ಲಿ ಎಣ್ಣೆ ಬಹಳ ಕಡಮೆ. ಒಂದೊಂದು ತುತ್ತಿನ ಶಕ್ತಿ ಅರ್ಧಕ್ಕೆ ಇಳಿಯಿತೆನ್ನೋಣ. ಆಗ ಅರವತ್ತು ಸಾವಿರವು ಒಂದು ಲಕ್ಷ ಇಪ್ಪತ್ತು ಸಾವಿರವಾಗಬೇಕು. ಸೆಕೆಂಡಿಗೆ ಆರು ಹೋಗಿ ಹನ್ನೆರಡಾಗಬೇಕು. ದಿನದ ೮೬,೪೦೦ ಸೆಕೆಂಡುಗಳು ಮಾತ್ರ ಹೆಚ್ಚುವುದಿಲ್ಲ. ಫ್ರಾನ್ಸ್ ಜೋಸೆಫ್ ಲೆಂಡಿನಲ್ಲಿ ಕಡಲಹಿಮ ಹಿಂಜರಿದ ಮೇಲೆ ಚಿಕ್ಕ ಆಕ್‌ಗಳು ಹಿಮನದಿಗಳ ಕರಗುನೀರು ಸಮುದ್ರವನ್ನು ಸೇರುವ ಅಂಚಿನಲ್ಲಿ ಮೇಯುವುದು ಕಂಡುಬಂದಿತು. ಸಿಹಿನೀರಿನ ಹೊಡೆತಕ್ಕೆ ಸಿಕ್ಕಿ ಜಡವಾದ ಪ್ಲವಕಗಳು ಅಲ್ಲಿ ಸುಲಭವಾಗಿ ದೊರೆಯುತ್ತವೆ. ೨೦೧೫ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮರಿಗಳ ಬೆಳವಣಿಗೆ ಕುಗ್ಗಿರಲಿಲ್ಲ. ಆದರೆ ದೊಡ್ಡ ಹಕ್ಕಿಗಳ ಮೈತೂಕ ಹಿಂದಿಗಿಂತ ನೂರಕ್ಕೆ ಸುಮಾರು ೪ರಷ್ಟು ಇಳಿದಿತ್ತು. ಮರಿಯ ಪಾಲನ್ನು ತಾಯ್ತಂದೆಯರು ತಮ್ಮ ಮೈಯಿಂದ ತೆತ್ತಂತಾಯಿತು.

ಬೆರಿಂಗ್ ಸಮುದ್ರದಲ್ಲಿಯೂ ೨೦೧೭–೧೮ರ ಚಳಿಗಾಲದಲ್ಲಿ ಕಡಲಹಿಮವು ಅದುವರೆಗೆ ಉಪಗ್ರಹಗಳು ದಾಖಲಿಸಿದುದರಲ್ಲೆಲ್ಲ ಕನಿಷ್ಠವಾಗಿತ್ತು. ಆ ಬೆಚ್ಚನೆಯ ವರ್ಷಗಳಲ್ಲಿ ಸೇಂಟ್ ಲಾರೆನ್ಸ್ ದ್ವೀಪದ ಪ್ಲವಕಭಕ್ಷಕ ಹಕ್ಕಿಗಳಿಗೆ ಕೇಡಾಯಿತೆಂದು ಅಲ್ಲಿ ಅಧ್ಯಯನ ನಡೆಸಿದವರು ತಿಳಿಸಿದ್ದಾರೆ. ಪುಟ್ಟ ಆಕ್ಲೆಟ್ಟು ಜ್ವಾಲಾಮುಖಿಗೂ ಹೆದರಬೇಕು. ಅಲ್ಯೂಷಿಯನ್ ಮಾಲೆಯ ಕಸಟೋಚಿ ದ್ವೀಪ ೨೦೦೮ರ ಆಗಸ್ಟ್ ೭ರಂದು ಸಿಡಿದು, ಸಂದಿಗಳಲ್ಲಿದ್ದ ಮರಿಗಳನ್ನು ಬೂದಿಯಲ್ಲಿ ಹೂತುಹಾಕಿತು. ಆದರೆ ಜ್ವಾಲಾಮುಖಿ ಕೊಡುವುದೂ ಉಂಟು: ಕಿಸ್ಕ ದ್ವೀಪದಲ್ಲಿ ೧೯೬೦ರ ದಶಕದ ಆದಿಯಲ್ಲಿ ಹರಿದ ಲಾವಾ ಆರಿ ಗಟ್ಟಿಯಾದ ಮೇಲೆ ಅದರ ಬಿರುಕುಗಳೇ ಈ ಹಕ್ಕಿಗಳಿಗೆ ಮನೆಗಳಾದವು. ೧೯೪೦ರ ದಶಕದಲ್ಲಿ ಮನುಷ್ಯನೊಡನೆ ಆ ದ್ವೀಪಕ್ಕೆ ಬಂದ ಇಲಿಗಳು ಈ ಹಕ್ಕಿಗಳನ್ನು ಕೊಂದು ಬಿಲಗಳಲ್ಲಿ ಕೂಡಿಡುವುದು ಕಂಡುಬಂದಿದೆ. ಪ್ರಕೃತಿಯ ಹೊಡೆತಕ್ಕೆ ಪ್ರಕೃತಿಯೇ ಮದ್ದು ತಂದಿತು; ಮನುಷ್ಯನು ತಂದ ಇಲಿಗೆ ಮದ್ದನ್ನು ಮನುಷ್ಯನೇ ಹುಡುಕಬೇಕು.

ಮತ್ತೊಮ್ಮೆ ನಮ್ಮ ಚಿಕ್ಕ ಚೊಂಬನ್ನು ನೆನೆಯೋಣ. ಅದರ ನೀರು ಆರದಿರಬೇಕಾದರೆ ಕೆಳಗೆ ಸದಾ ಉರಿ ಇರಬೇಕು. ದೊಡ್ಡ ಚೊಂಬು ಉರುವಲಿಲ್ಲದೆ ಕೊಂಚ ಹೊತ್ತು ತಾಳೀತು, ಚಿಕ್ಕದು ತಾಳದು. ಈ ಎರಡು ಹಕ್ಕಿಗಳಿಗೆ ಉರುವಲು ಕಡಲಿನ ಎಣ್ಣೆಹುಳು. ಆ ಹುಳುವಿಗೆ ಆಧಾರ ನೀರಿನ ತಂಪು. ವರ್ಗ ಮತ್ತು ಘನಗಳ ನಿಯಮವನ್ನು ಯಾರೂ ಬದಲಿಸಲಾರರು. ಕಡಲಿನ ತಂಪು ಮಾತ್ರ ನಾವು ಸುಡುವ ಕಲ್ಲಿದ್ದಲು ಮತ್ತು ಎಣ್ಣೆಯ ಲೆಕ್ಕಕ್ಕೆ ಸೇರಿದುದು. ಆ ಲೆಕ್ಕವನ್ನು ಸರಿಮಾಡುವ ಕೆಲಸ ಇಂದು ಓದುತ್ತಿರುವ ವಿದ್ಯಾರ್ಥಿಗಳ ಪಾಲಿಗೆ ಬಂದಿದೆ.